ಮುಳುಗಿದ ಊರಿನ ಡಾಟ್ ಇನ್

ಹೋದ ವಾರ ತಂಗಿಯ ಸೈಟಿನ ಕ್ರಯಪತ್ರಕ್ಕೆ ಸಾಕ್ಷಿ ಹಾಕಲು ಎಚ್.ಡಿ. ಕೋಟೆಯ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿದ್ದೆ. ಹೊರಗಿನ ಬೆಂಚಿನ ಮೇಲೆ ಒಬ್ಬಳು ಅಜ್ಜಿ ಯಾವುದೋ ಅರ್ಜಿಗೆ ಹೆಬ್ಬೆಟ್ಟು ಒತ್ತಿ, ಉಳಿದ ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡಳು. ಆ ಇಂಕ್ ಪ್ಯಾಡಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಊರೆಲ್ಲ ರೈಟ್ರು ಎನ್ನುತ್ತಿದ್ದ ಪತ್ರ ಬರಹಗಾರರೊಬ್ಬರು ನೆನಪಾದರು.

ಎರಡು ಸಾವಿರದ ಐದರ ಆಸುಪಾಸು ಇರಬೇಕು. ಆ ಕಚೇರಿಯ ಎದುರು ಮಳಿಗೆಯಲ್ಲಿ ನಾನು ಸೈಬರ್ ಸೆಂಟರ್ ಇಟ್ಟಿದ್ದೆ. ನಾಲ್ಕು ಕಂಪ್ಯೂಟರು, ಒಂದು ಪ್ರಿಂಟರು, ಊರಿಗೆಲ್ಲ ಬುದ್ಧಿ ಹೇಳುವ ಬಾಯಿ, ಇಷ್ಟೇ ನನ್ನ ಬಂಡವಾಳ. ರೈಟ್ರು ಹೊರಗೆ ಹೊಂಗೆ ಮರದಡಿ ಮೇಜು ಹಾಕಿಕೊಂಡು ಜಮೀನಿನ ಪತ್ರಗಳನ್ನು ಬರೆಯುತ್ತಿದ್ದರು. ಕರಡಿನಲ್ಲಿ ಒಂದಕ್ಷರ ಹೆಚ್ಚುಕಡಿಮೆಯಾದರೂ ಹರಿದೆಸೆದು ಮತ್ತೆ ಬರೆಯುವ ಜಾತಿ. ಪತ್ರದ ತಳದಲ್ಲಿ ‘ಬಿಕ್ಕಲಂ’ ಎಂದು ಬರೆದು ಸಹಿ ಹಾಕುತ್ತಿದ್ದರು. ಬರೆದ ಕೈ ನನ್ನದು, ಆಸ್ತಿ ನನ್ನದಲ್ಲ ಎಂದು ಅದರರ್ಥ ಅಂತ ನನಗೆ ಹೇಳಿಕೊಟ್ಟವರೂ ಅವರೇ.

ಅವರ ಊರು ಕಬಿನಿ ಹಿನ್ನೀರಿನ ತಳದಲ್ಲಿತ್ತು. ಬೀಚನಹಳ್ಳಿಯ ಅಣೆಕಟ್ಟು ಎದ್ದಾಗ ಮುಳುಗಿದ್ದು. ಜನ ಎರಡು ಮೂರು ಕಾಲೋನಿಗಳಿಗೆ ಹಂಚಿಹೋದರು. ತಾಲ್ಲೂಕಿನ ಅಷ್ಟೂ ಊರುಗಳ ಹೆಸರು ಬರೆದ ಆ ಮನುಷ್ಯನಿಗೆ ತನ್ನೂರಿನ ಹೆಸರನ್ನು ಒಂದೇ ಒಂದು ಪತ್ರದಲ್ಲೂ ಬರೆಯುವ ಯೋಗ ಬರಲಿಲ್ಲ. ಇಲ್ಲದ ಊರಿನಲ್ಲಿ ಯಾರು ಯಾರಿಗೆ ಮಾರುತ್ತಾರೆ, ಹೇಳಿ...

ಆ ವರ್ಷ ವೆಬ್‌ಸೈಟುಗಳಿಗೆ ನಮ್ಮ ದೇಶದ್ದೇ ಬಾಲ, ಡಾಟ್ ಇನ್, ಎಲ್ಲರಿಗೂ ತೆರೆದುಕೊಂಡಿತ್ತು. ಮೊದಲ ಪಂಕ್ತಿ ಟ್ರೇಡ್‌ಮಾರ್ಕ್ ಇದ್ದ ಕಂಪನಿಗಳದ್ದು, ಅವರು ಉಂಡೆದ್ದ ಮೇಲೆ ನಮ್ಮಂಥವರದ್ದು. ಯಾರು ಮೊದಲು ಬಂದರೋ ಅವರಿಗೆ ಹೆಸರು. ಟೀ ಕುಡಿಯುತ್ತಾ ನಾನು ಇದನ್ನು ಹೇಳಿದಾಗ ಅವರು ಲೋಟ ಕೆಳಗಿಟ್ಟರು.

“ಯಾವ್ ಎಸ್ರಾದ್ರೂ ಕೊಟ್ಟಾರಾ? ಊರೇ ಇಲ್ದಿದ್ರೂವೆ?”

“ಕೊಡ್ತಾರೆ ರೈಟ್ರೇ. ಊರು ಇದೆಯೋ ಇಲ್ವೋ ಅಂತ ಯಾರೂ ಬಂದು ನೋಡಲ್ಲ. ವರ್ಷ ವರ್ಷ ನವೀಕರಣ ಮಾಡಿಸ್ಕೋಬೇಕು ಅಷ್ಟೆ.”

“ಅಂದ್ರೆ ಗುತ್ಗೆ! ಎಸ್ರನ್ನೂವೆ ಗುತ್ಗೆಗೆ ಕೊಡೋ ಕಾಲ ಬಂತಾ?” ಅವರು ಆರಿದ ಟೀಯನ್ನು ಒಂದೇ ಗುಟುಕಿಗೆ ಮುಗಿಸಿದರು. ಆಮೇಲೆ, “ಆಗ್ಲಿ ಬುಡವ್ವ, ಗುತ್ಗೇನೇ ಸಿಗ್ಲಿ. ನನ್ನ ಎಸ್ರಿಗೆ ಮಾಡ್ಸು” ಅಂದರು.

ಊರಿನ ಹೆಸರು ಖಾಲಿಯಿತ್ತು. ಫಾರಂ ತುಂಬಿದೆ. ಅದು ಇಮೇಲ್ ಕೇಳಿತು, ಅವರಿಗೆಲ್ಲಿಯ ಇಮೇಲ್? ನನ್ನದು ಹಾಕಿದೆ. ಇಮೇಲ್ ನನ್ನದಾದ ಮೇಲೆ ಹೆಸರೂ ನನ್ನದೇ ಇರಲಿ, ತುಂಬಿದವಳು ನಾನಲ್ಲವೇ ಅಂತ ಬಿಕ್ಕಲಂ ಹಾಕುವ ಧಾಟಿಯಲ್ಲೇ ಬರೆದುಬಿಟ್ಟೆ. ಯಾವುದು ಮಾಲೀಕರ ಕಲಂ, ಯಾವುದು ಬರೆದವರ ಕಲಂ ಎಂದು ಕಣ್ಣಿಟ್ಟು ಓದಲಿಲ್ಲ. ನನ್ನ ಬುದ್ಧಿಗಿಷ್ಟು! ಪ್ರಿಂಟ್ ಕೊಟ್ಟಾಗ ಅವರು ಕನ್ನಡಕ ಏರಿಸಿಕೊಂಡು ಇಂಗ್ಲಿಷಿನ ಸಾಲುಗಳ ಮೇಲೆ ಬೆರಳಾಡಿಸಿ, “ಇದ್ರಲ್ಲಿ ನನ್ನ ಎಸ್ರು ಎಲ್ಲವ್ವ?” ಅಂತ ಕೇಳಿದರು. ಬಾಗಿಲಲ್ಲಿ ಗಿರಾಕಿಗಳು ಕಾಯುತ್ತಿದ್ದರು. “ಎಲ್ಲಾ ಸರಿಯಾಗಿದೆ, ಹೋಗಿ ಬನ್ನಿ ರೈಟ್ರೇ” ಅಂದೆ.

ಮುಂದಿನ ತಿಂಗಳಿಡೀ ಆ ವೆಬ್‌ಸೈಟಿಗೆ ಊರನ್ನು ಬರೆಸಿದರು. ಮನೆಮನೆಗೂ ಪತ್ರದಲ್ಲಿ ಹಾಕುವಂತೆ ಚೆಕ್ಕುಬಂದಿ. ಪೂರ್ವಕ್ಕೆ ಮಾರಿಗುಡಿ, ಪಶ್ಚಿಮಕ್ಕೆ ಸೂಲಗಿತ್ತಿಯ ಮನೆ, ಉತ್ತರಕ್ಕೆ ಎತ್ತು ಹೋಗುವ ಓಣಿ... ಒಂದೊಂದು ಗೋಡೆಯೂ ಅವರ ನಾಲಿಗೆಯ ಮೇಲಿತ್ತು. ನಾನು ಕುಟ್ಟುತ್ತಾ ಹೋದೆ.

ಮದುವೆಯಾಗಿ ಕೆ.ಆರ್. ನಗರಕ್ಕೆ ಹೊರಟಾಗ ಅಂಗಡಿ ಮುಚ್ಚಿದೆ. “ಗುತ್ಗೆ ಮರೀಬ್ಯಾಡ ಕಣವ್ವ” ಅಂದರು. “ನಾನಿಲ್ವಾ, ನೋಡ್ಕೋತೀನಿ ಬಿಡಿ” ಅಂದೆ. ಹೊಸ ಊರು, ಹೊಸ ಸಂಸಾರ, ಹೊಸ ಇಮೇಲ್. ಹಳೆಯದನ್ನು ತೆರೆಯುವುದೇ ಬಿಟ್ಟೆ.

ಒಂದು ಪಿತೃಪಕ್ಷಕ್ಕೆ ರೈಟ್ರ ಫೋನು ಬಂತು. ಹಿರಿಯರಿಗೆ ಎಡೆ ಇಡಲು ಎಲ್ಲ ಕಾಲೋನಿಗಳ ಹಳಬರು ಒಂದೆಡೆ ಸೇರುತ್ತಾರೆ, ಊರು ತೋರಿಸಬೇಕು, ಬಾ ಎಂದರು. ಲ್ಯಾಪ್‌ಟಾಪು, ಡೇಟಾ ಕಾರ್ಡು ಹಿಡಿದು ಖುಷಿಯಿಂದಲೇ ಹೋದೆ. ಸಮುದಾಯ ಭವನದಲ್ಲಿ ಮುದುಕ ಮುದುಕಿಯರು ಚಾಪೆಯ ಮೇಲೆ ಕೂತಿದ್ದರು. ರೈಟ್ರು ಬಿಳಿ ಅಂಗಿ ತೊಟ್ಟು, “ನಿಮ್ನಿಮ್ಮ ಮನೆ ನೀವೇ ನೋಡ್ಕಳಿ” ಎಂದು ಎಲ್ಲರನ್ನೂ ಮುಂದಕ್ಕೆ ಕರೆದರು. ನಾನು ಊರಿನ ಹೆಸರು ಕುಟ್ಟಿ ಗುಂಡಿ ಒತ್ತಿದೆ.

ತೆರೆಯ ತುಂಬಾ ಬತ್ತಲೆ ಹೆಂಗಸರು.

ಮುಚ್ಚಲು ಹೋದರೆ ಒಂದರ ಮೇಲೊಂದು ಚಿತ್ರ ತೆರೆದುಕೊಂಡವು. ಹಿಂದಿನಿಂದ ಹುಡುಗರು ಸಿಳ್ಳೆ ಹಾಕಿದರು. ಮುಂದೆ ಕೂತಿದ್ದ ಮುದುಕಿಯೊಬ್ಬಳು, “ಅಯ್ಯಯ್ಯೋ, ಇದ್ಯಾವೂರ್ಲಾ ತೋರುಸ್ತಿದ್ದೀಯ!” ಎಂದು ಸೆರಗಿನಿಂದ ಮುಖ ಮುಚ್ಚಿಕೊಂಡಳು. ರೈಟ್ರು ಹೆಗಲ ಟವೆಲ್ಲನ್ನು ತೆಗೆದು ತೆರೆಯ ಮೇಲೆ ಹೊದಿಸಿದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರಲ್ಲ, ಆ ದೊಣ್ಣೆ ನನ್ನ ಕೈಯಲ್ಲಿತ್ತು ಎಂದು ಆಗಿನ್ನೂ ನನಗೇ ಗೊತ್ತಿರಲಿಲ್ಲ.

ಮನೆಗೆ ಬಂದು ಹಳೆಯ ಇಮೇಲ್ ತೆರೆದೆ. ನವೀಕರಣದ ಎಚ್ಚರಿಕೆಗಳು ಸಾಲಾಗಿ ಬಿದ್ದಿದ್ದವು. ಅವಧಿ ಮುಗಿದು ಹೆಸರು ಬಿಡುಗಡೆಯಾಗಿ, ಎಲ್ಲಿಯದೋ ಯಾರೋ ಎತ್ತಿಕೊಂಡಿದ್ದರು. ತಕರಾರು ಹೂಡುವ ನಿಯಮ ಓದಿದೆ. ಹೆಸರಿನ ಮೇಲೆ ತನಗೆ ಹಕ್ಕಿದೆ ಎಂದು ತೋರಿಸಬಲ್ಲವರು ಬರಬಹುದಂತೆ. ಮುಳುಗಡೆಯಾದ ಊರಿಗೆ ಯಾವ ಟ್ರೇಡ್‌ಮಾರ್ಕು? ಹಳೆಯ ನೋಂದಣಿಯಾದರೂ ಇದೆಯಲ್ಲ ಎಂದು ತೆಗೆದು ನೋಡಿದೆ. ಮಾಲೀಕರ ಕಲಮಿನಲ್ಲಿ ನನ್ನ ಹೆಸರು. ಅವರ ಹೆಸರು ಎಲ್ಲೂ ಇಲ್ಲ!

ಮೂರನೇ ದಿನ ಅವರೇ ಬಸ್ಸು ಹತ್ತಿ ಬಂದರು, ಆ ಪ್ರಿಂಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿಟ್ಟುಕೊಂಡು. “ಕಾಗ್ದ ಅದಲ್ಲವ್ವ. ನನ್ನ ಎಸ್ರು ಅದೆ. ಇದುನ್ನ ತೋರುಸುದ್ರೆ ವಾಪಸ್ ಕೊಡಾಕಿಲ್ವಾ?”

ಸತ್ಯ ಹೇಳಲು ಬಾಯಿ ಬರಲಿಲ್ಲ. “ಕೊಡಲ್ವಂತೆ ರೈಟ್ರೇ. ನಾನು ಬರೆದು ಕೇಳ್ದೆ, ಅಲ್ಲಿಯವರು ಒಪ್ಪಲಿಲ್ಲ” ಅಂದೆ. ಯಾರನ್ನೂ ಕೇಳಿರಲಿಲ್ಲ.

ಅವರು ನನ್ನ ಮುಖವನ್ನೇ ನೋಡಿ, “ಅವ್ರು ಯಾವತ್ತು ಒಪ್ಪಿದ್ರು ಬುಡವ್ವ. ನೀನೇನ್ ಮಾಡಾಕಾಯ್ತದೆ, ಅಳ್ಬ್ಯಾಡ” ಎಂದು ನನಗೇ ಸಮಾಧಾನ ಹೇಳಿದರು. ಊಟಕ್ಕೂ ನಿಲ್ಲದೆ ಹೊರಟರು. ಮತ್ತೆ ನಾನು ಅವರನ್ನು ನೋಡಲಿಲ್ಲ. ಅವರು ತೀರಿಕೊಂಡದ್ದೂ ತಿಂಗಳಾದ ಮೇಲೆ ತಿಳಿಯಿತು...

ಆ ಊರಿನ ಹೆಸರನ್ನು ಇಲ್ಲಿ ಬರೆಯದಿರುವುದಕ್ಕೆ ಕಾರಣ ಇದೇ. ಓದಿದವರು ಕುಟ್ಟಿ ನೋಡುತ್ತಾರೆ. ಈಗ ಅಲ್ಲಿ ಚಿತ್ರಗಳಿಲ್ಲ, ‘ಈ ಹೆಸರು ಮಾರಾಟಕ್ಕಿದೆ’ ಎಂಬ ಒಂದು ಸಾಲಿದೆ.

ಹೋದ ವಾರ ಕಚೇರಿಯ ಹೊರಗೆ ಒಬ್ಬ ಹೆಂಗಸು ನನ್ನ ಗುರುತು ಹಿಡಿದು ಕೈ ಹಿಡಿದುಕೊಂಡಳು. ರೈಟ್ರ ಸೊಸೆ. “ನಮ್ಮಾವ ಸಾಯಗಂಟ ನಿಮ್ಮುನ್ನೇ ನೆನಸ್ಕತಿದ್ರು ಕಣಕ್ಕ. ಆಪೀಸ್ನೋರು ನಮ್ಮೂರ ಎಲ್ಡು ಸಲ ಮುಳುಗುಸ್ಬುಟ್ರು, ಆ ಉಡ್ಗಿ ಒಬ್ಳೇ ನಮ್ ಕಡೆ ನಿಂತಿದ್ದು ಅಂತಿದ್ರು.”

ಎರಡನೇ ಸಲ ಮುಳುಗಿಸಿದ್ದು ನಾನು. ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಒಳಗಿನಿಂದ, ಸಾಕ್ಷಿಯವರು ಬನ್ನಿ ಎಂದು ಕೂಗಿದರು. ಹೋಗಿ ಸಹಿ ಹಾಕಿದೆ. ಹೊರಗೆ ಬರುವಷ್ಟರಲ್ಲಿ ಆಕೆ ಬಸ್ಸಿಗೆ ಹೊರಟುಹೋಗಿದ್ದಳು.