ಮುಂದಿನ ಮೆಟ್ಟಿಲಲ್ಲಿ ನಿಂತವರು

ಮುಂದೆ ನಿಂತವರನ್ನು ಕೂರಿಸುವುದು ನನ್ನ ಹಳೆಯ ಅಭ್ಯಾಸ. ಊಟಿಯಲ್ಲಿ ತರಕಾರಿ ಬೀಜದ ಅಂಗಡಿ ಇಟ್ಟುಕೊಂಡಿರುವ ನನಗೆ ಆಟ ನೋಡುವುದೊಂದೇ ಬಿಡುವಿನ ಸುಖ. ಕ್ರಿಕೆಟ್ಟಾಗಲಿ, ಫುಟ್‌ಬಾಲಾಗಲಿ, ಮುಂದಿನವರು ಎದ್ದರೆ ಕೂಗುತ್ತಿದ್ದೆ. ನನ್ನ ಹೆಂಡತಿ ಇದೇ ಕಾರಣಕ್ಕೆ ಜೊತೆಗೆ ಬರುವುದನ್ನು ಬಿಟ್ಟಳು. ಕೂತು ನೋಡುವುದು ಮರ್ಯಾದೆ, ಎದ್ದು ಅಡ್ಡ ನಿಲ್ಲುವುದು ಅಮರ್ಯಾದೆ. ನನಗೆ ಗೊತ್ತಿದ್ದದ್ದು ಅಷ್ಟೇ.

ಕೆತ್ತಿ ಕಣಿವೆಯ ಒಂದು ಬಡಗರ ಹಟ್ಟಿಯ ಮೈದಾನದಲ್ಲಿ ನಡೆದದ್ದನ್ನು, ಕಂಡಷ್ಟು, ಕೇಳಿದಷ್ಟು ಬರೆಯುತ್ತೇನೆ. ಮಂಜಿನಲ್ಲಿ ಕಾಣದೆ ಹೋದದ್ದನ್ನು ಕಂಡೆ ಎನ್ನುವುದಿಲ್ಲ.

ನನ್ನ ಮಗಳ ಕಾಲೇಜಿನ ಹುಡುಗಿಯರಿಗೂ ಆ ಹಟ್ಟಿಯ ಹುಡುಗಿಯರಿಗೂ ಫುಟ್‌ಬಾಲ್ ಪಂದ್ಯ. ಮಗಳು ಗೋಲ್‌ಕೀಪರ್. ಮೈದಾನದ ಒಂದು ಬದಿಗೆ ಗುಡ್ಡ ಕಡಿದು ಮಾಡಿದ ಏಳು ಮೆಟ್ಟಿಲು. ಜನ ಕೂರುವುದು ಅಲ್ಲಿ. ಉಳಿದ ಮೂರು ಬದಿಗೂ ಚಹಾ ಗಿಡ. ಮಗಳು ಕಾಯುತ್ತಿದ್ದ ಗೋಲು ಬಲಗಡೆಯ ಕೊನೆಯಲ್ಲಿ. ಅದರ ಬೆನ್ನಿಗೆ ಹತ್ತು ಸಾಲು ಚಹಾ, ಆಮೇಲೆ ಕಾಡು.

ಅಲ್ಲಿಯ ಕಟ್ಟಳೆ ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ. ಆದರೂ ಮೊದಲೇ ಹೇಳಿಬಿಡುತ್ತೇನೆ, ನನ್ನ ತಪ್ಪನ್ನು ಓದುವವರೇ ತೂಗಲಿ. ಮಂಜು ಇಳಿದರೂ ಅಲ್ಲಿ ಆಟ ನಿಲ್ಲುವುದಿಲ್ಲ. ಮಂಜಿನ ಜೊತೆಗೆ ಕೆಲವೊಮ್ಮೆ ಕಾಟಿಯೂ, ಅಂದರೆ ಕಾಡುಕೋಣವೂ, ತೋಟ ದಾಟಿ ಮೈದಾನಕ್ಕೆ ಬರುತ್ತದೆ. ಅದಕ್ಕೇ ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಲ್ಲಿ ಒಬ್ಬ ಹಿರಿಯರು ಆಟ ಮುಗಿಯುವ ತನಕ ನಿಂತೇ ಇರುತ್ತಾರೆ. ಕಾಟಿ ಕಂಡರೆ ಅವರು ಕೂಗುವುದಿಲ್ಲ. ಮಡಚಿದ ಕೊಡೆಯನ್ನು ತಲೆಯ ಮೇಲಕ್ಕೆ ಎತ್ತುತ್ತಾರೆ. ಕೊಡೆ ಎದ್ದರೆ ಮೆಟ್ಟಿಲ ಮೇಲಿನ ಅಷ್ಟೂ ಜನ ಬಾಯಿ ಮುಚ್ಚಬೇಕು. ಮಂಜಿನೊಳಗಿನ ಆಟಗಾರರಿಗೆ ಆ ಮೌನವೇ ಸುದ್ದಿ. ಇದ್ದಲ್ಲೇ ಅಲ್ಲಾಡದೆ ನಿಲ್ಲಬೇಕು. ಜನರ ಗದ್ದಲ ಮತ್ತೆ ಕೇಳಿಸಿದರೆ ಅದು ಹೋಯಿತೆಂದು ಅರ್ಥ. ಆಟಕ್ಕೆ ಮೊದಲು ಎರಡೂ ತಂಡಕ್ಕೆ ಇದನ್ನು ಹೇಳಿದ್ದರು. ಮಗಳಿಗೆ ಗೊತ್ತಿತ್ತು. ತಡವಾಗಿ ಬಂದ ನನಗೆ ಗೊತ್ತಿರಲಿಲ್ಲ.

ನಾನು ಹೋದಾಗ ಮೂರೂವರೆ ಗಂಟೆ. ನಾಲ್ಕನೆಯ ಮೆಟ್ಟಿಲಲ್ಲಿ ಒಂದು ಟವಲು, ಒಂದು ಚೀಲ, ಒಂದು ಫ್ಲಾಸ್ಕು ಮೂವರ ಜಾಗ ಹಿಡಿದುಕೊಂಡಿದ್ದವು. ಫ್ಲಾಸ್ಕನ್ನು ಸರಿಸಿ ಕೂತೆ. ಹಿಂದಿನ ಮೆಟ್ಟಿಲಿನ ಹೆಂಗಸು ತುಪ್ಪದ ವರ್ಕಿ ಬಿಸ್ಕತ್ತು ಕಚ್ಚಿದಾಗಲೆಲ್ಲ ಪುಡಿ ನನ್ನ ಕುತ್ತಿಗೆಯೊಳಗೆ ಬೀಳುತ್ತಿತ್ತು. ತಿರುಗಿ ನೋಡಿದೆ. ಅವರ ಬಡಗ ಮಾತು ನನಗೆ ಅರ್ಥವಾಗುತ್ತದೆ, ಆಡಲು ಬಾರದು. ನನ್ನ ಕೂಡೆ ಆಡುವಾಗ ಅವರೇ ಅದನ್ನು ನಮ್ಮ ಕನ್ನಡದ ಕಡೆಗೆ ವಾಲಿಸಿಕೊಳ್ಳುತ್ತಾರೆ.

"ಏನಣ್ಣ ನೋಡ್ತೀರಿ? ನಿಮ್ಮ ತಲೆ ಕಳಚಿ ಮಡಿಲಲ್ಲಿ ಇಟ್ಕೊಂಡ್ರೆ ನನಗೂ ಬಾಲ್ ಕಾಣ್ತದೆ" ಎಂದರು. ಸುತ್ತಲಿನವರು ನಕ್ಕರು.

"ನನ್ನ ತಲೆ ಬಿಡಿ ಅಕ್ಕ, ಆ ಮುಂದಿನ ಕಂಬಕ್ಕೆ ಹೇಳಿ" ಎಂದೆ.

ಕಂಬವೆಂದರೆ ಕೆಳಗೆ ನಿಂತಿದ್ದ ಮುದುಕರು. ಬಿಳಿ ಮುಂಡಾಸು, ಕಪ್ಪು ಕೋಟು. ಸರಿಯಾಗಿ ನನಗೂ ಬಲಗಡೆಯ ಗೋಲಿಗೂ ನಡುವೆ. ಅವರು ಆಟವನ್ನೇ ನೋಡುತ್ತಿರಲಿಲ್ಲ. ಚೆಂಡು ಎಡಕ್ಕೆ ಹೋದರೂ ಮುಖ ಬಲಕ್ಕೇ ಇತ್ತು. ಎರಡು ಸಲ ಕೂಗಿದೆ. ತಿರುಗಲಿಲ್ಲ. ಹಿಂದಿನ ಹೆಂಗಸು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಎಡಗಡೆ ಗೋಲಾಗಿ ಎಲ್ಲರೂ ಕಿರುಚಿಕೊಂಡರು.

ಮಂಜು ಬಲಗಡೆಯಿಂದ ಬಂತು. ಮೊದಲು ಕಾಡು ಹೋಯಿತು, ಆಮೇಲೆ ಚಹಾದ ಸಾಲುಗಳು, ಆಮೇಲೆ ಮಗಳು. ಅವಳ ಹಳದಿ ಅಂಗಿ ಸ್ವಲ್ಪ ಹೊತ್ತು ಕಲೆಯಂತೆ ಉಳಿದು ಅದೂ ಅಳಿಯಿತು. ಆಟ ಎಡಗಡೆ ನಡೆದೇ ಇತ್ತು. ಜನ ಕಾಣದ ಚೆಂಡಿಗೆ ಕೂಗುತ್ತಿದ್ದರು.

ಆಗ ಸದ್ದು ನಿಂತಿತು. ಒಬ್ಬೊಬ್ಬರಾಗಿ ಅಲ್ಲ, ಎಲ್ಲರೂ ಒಂದೇ ಸಲ. ಹಿಂದೆ ವರ್ಕಿ ಕಡಿಯುವ ಸದ್ದೂ ನಿಂತಿತು. ಏನೂ ಕಾಣದೆ ಜನ ಬೇಸತ್ತರು ಎಂದುಕೊಂಡೆ. ಮುದುಕರು ಕೊಡೆಯನ್ನು ಮೇಲಕ್ಕೆತ್ತಿದ್ದರು. ಇದ್ದೊಂದು ಸಂದಿಗೂ ಈಗ ಕೊಡೆ ಅಡ್ಡ.

"ರೀ, ಕೂತ್ಕೊಳ್ರೀ! ನಿಮ್ ಬೆನ್ನು ನೋಡಕ್ಕಾ ನಾವು ಬಂದಿರೋದು?"

ನನ್ನ ಸ್ವರ ಎದುರಿನ ಗುಡ್ಡಕ್ಕೆ ಹೋಗಿ ಮರಳಿ ಬಂತು. ಒಬ್ಬರೂ ನನ್ನ ಕಡೆ ತಿರುಗಲಿಲ್ಲ. ಹಿಂದಿನಿಂದ ಒಂದು ಕೈ ಬಂದು ನನ್ನ ಬಾಯಿ ಮುಚ್ಚಿತು. ತುಪ್ಪದ ವಾಸನೆಯ ಕೈ. ಕಿವಿಯ ಹತ್ತಿರ, ಉಸಿರಿನಷ್ಟೇ ಸಣ್ಣಗೆ, "ಕಾಟಿ" ಎಂದರು.

ಕೊಡೆಯ ತುದಿ ಬಲಗಡೆಯ ಗೋಲಿನತ್ತ ವಾಲಿತ್ತು.

ಮೊದಲು ಕೇಳಿಸಿದ್ದು ಉಸಿರು. ಮೂಗಿನಿಂದ ಒಮ್ಮೆ ಜೋರಾಗಿ ಹೊರಬಿದ್ದ ಉಸಿರು, ಮನುಷ್ಯರದಲ್ಲ. ಆಮೇಲೆ ಒದ್ದೆ ಹುಲ್ಲಿನ ಮೇಲೆ ನಾಲ್ಕು ಹೆಜ್ಜೆ. ನಿಂತಿತು. ಇನ್ನೆರಡು ಹೆಜ್ಜೆ. ಬೇರೇನೂ ಮಾಡಲಾಗದೆ ನಾನು ಎಣಿಸುತ್ತಿದ್ದೆ. ಮೂವತ್ತೊಂದಕ್ಕೆ ಮಂಜು ಸ್ವಲ್ಪ ತೆಳುವಾಯಿತು. ಗೋಲಿನ ಕಂಬಗಳು ಕಂಡವು. ನಡುವೆ ಮಗಳು ಕಾಣಲಿಲ್ಲ. ಕಂಬಗಳ ಮುಂದೆ ಕಪ್ಪಾದದ್ದೊಂದು ಎಡದಿಂದ ಬಲಕ್ಕೆ ಹಾಯಿತು. ತಲೆ ಕಾಣಲಿಲ್ಲ, ಕಾಲಿನ ಕೆಳಭಾಗದ ಬಿಳುಪು ಮಾತ್ರ ಕಂಡಿತು. ಮತ್ತೆ ಎಲ್ಲವೂ ಮುಚ್ಚಿಕೊಂಡಿತು.

ಕೊಡೆ ಎಷ್ಟು ಹೊತ್ತಿಗೆ ಇಳಿಯಿತೋ ಹೇಳಲಾರೆ. ಎಣಿಕೆ ತಪ್ಪಿಹೋಗಿತ್ತು. ಇಳಿದದ್ದೇ ಮೈದಾನಕ್ಕೆ ಓಡಿದೆ.

ಮಗಳು ಗೋಲಿನ ಗೆರೆಯ ಮೇಲೆ ಕೂತಿದ್ದಳು. ಮಂಡಿ ಮಡಚಿ, ಗ್ಲೌಸು ಹಾಕಿದ ಎರಡೂ ಕೈ ಮಂಡಿಯ ಮೇಲೆ. ಚಿಕ್ಕವಳಾಗಿದ್ದಾಗ ಬೈದು ಕೂರಿಸಿದರೆ ಹೀಗೇ ಕೂರುತ್ತಿದ್ದಳು.

"ಯಾಕವ್ವ ಕೂತೆ?"

"ನೀನೇ ಅಲ್ವಾ ಕೂತ್ಕೊಳ್ರೀ ಅಂದಿದ್ದು?"

"ನಿನಗಲ್ಲ ಕಣೇ."

"ಗೊತ್ತಪ್ಪ, ನನಗಲ್ಲ ಅಂತ. ನಿನ್ನ ದನಿ ಕೇಳಿ ಕಾಲು ತಾನಾಗೇ ಕೂತ್ಬಿಡ್ತು." ಮತ್ತೆ ಹೇಳಿದಳು: "ಅಲ್ಲಿವರ್ಗೂ ಅದು ಅಲ್ಲೇ ನಿಂತು ನನ್ನ ನೋಡ್ತಾ ಇತ್ತು. ನೀನು ಕೂಗಿದ್ಮೇಲೆ ಬಂತು."

ಅವಳ ಬಲಪಾದದ ಮುಂದೆ ಗೊರಸಿನ ಗುರುತಿತ್ತು, ಅಂಚಿನಲ್ಲಿ ಆಗಲೇ ನೀರು ಒಸರುತ್ತಿತ್ತು. ನಾನು ಅಳೆದೆ. ಪಾದದಿಂದ ಗುರುತಿಗೆ ನನ್ನ ಒಂದು ಗೇಣು, ನಾಲ್ಕು ಬೆರಳು.

ಮುದುಕರು ನಿಧಾನವಾಗಿ ನಡೆದು ಬಂದು ಅವರೂ ಗುರುತು ನೋಡಿದರು. ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ನಾನೇ ಕೇಳಿದೆ: "ನಾನು ಕೂಗಿದ್ದಕ್ಕೆ ಬಂತಾ ಅಜ್ಜ? ಇವಳು ಕೂತಿದ್ದಕ್ಕೆ ಬಿಟ್ಟು ಹೋಯ್ತಾ?"

"ಅದನ್ನ ಕಾಟೀನೇ ಕೇಳ್ಬೇಕು" ಎಂದರು. "ಅದ್ರ ಹಿಂದೆ ಹೋಗಿ ಕೇಳ್ತೀರಾ?"

ಆಟ ನಿಲ್ಲಿಸೋಣ ಎಂದೆ. ಮಗಳು ಎದ್ದು ಗ್ಲೌಸಿನ ಪಟ್ಟಿ ಬಿಗಿದುಕೊಂಡಳು. "ಒಂದು ಗೋಲು ಮುಂದಿದ್ದೀವಿ. ಈಗ ಬಿಟ್ಟು ಬರೋದಾ? ಹೋಗಪ್ಪ, ಹೋಗಿ ಕೂತ್ಕೋ" ಎಂದಳು. ಆ ಮಾತು ಬಾಯಿಂದ ಬಿದ್ದ ಮೇಲೆ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ನಾಲ್ಕನೆಯ ಮೆಟ್ಟಿಲಿಗೆ ಮರಳಲು ಮುಖವಿರಲಿಲ್ಲ. ಮುದುಕರು ತಮ್ಮ ಪಕ್ಕದ ಜಾಗವನ್ನು ಕೊಡೆಯಿಂದ ತಟ್ಟಿ ತೋರಿಸಿದರು. "ಮಗಳು ನಿಮ್ಮವಳು. ನೀವೂ ನಿಂತು ನೋಡಿ. ಚೆಂಡನ್ನಲ್ಲ."

ನಿಂತೆ. ಮಂಜನ್ನು ನೋಡುತ್ತಾ ನಿಂತರೆ ಅದರೊಳಗೆ ಏನು ಬೇಕಾದರೂ ಕಾಣುತ್ತದೆಂದು ಆಗ ತಿಳಿಯಿತು. ಚಹಾ ಗಿಡವೊಂದು ಎರಡು ಸಲ ತಲೆ ತಿರುಗಿಸಿತು. ಮುದುಕರನ್ನು ನೋಡಿದೆ, ಕೊಡೆ ಕೆಳಗೇ ಇತ್ತು. ನನ್ನ ಬೆನ್ನ ಹಿಂದೆ ಅಷ್ಟು ಜನರಿದ್ದರು. ಅಡ್ಡ ನಿಂತ ನನ್ನನ್ನು ಯಾರೂ ಕೂತ್ಕೋ ಎನ್ನಲಿಲ್ಲ.

ಬಹಳ ಹೊತ್ತಿನ ಮೇಲೆ ಚೆಂಡು ಬಲಕ್ಕೆ ಬಂತು, ಮಂಜಿನೊಳಕ್ಕೆ ಹೋಯಿತು. ಒಂದು ಕ್ಷಣ ಎಲ್ಲರೂ ಸುಮ್ಮನಾದರು. ನಾನು ಕೊಡೆಯತ್ತ ನೋಡಿದೆ. ಆಮೇಲೆ ಸೀಟಿ ಕೇಳಿಸಿತು. ಮಗಳು ಗೋಲು ಬಿಟ್ಟಿದ್ದಳು. ಹಟ್ಟಿಯವರೆಲ್ಲ ಎದ್ದು ಕುಣಿದು, ಕಿರುಚಿ, ಸಿಳ್ಳೆ ಹೊಡೆದರು. ಆ ಗದ್ದಲ ಕೇಳಿ ಕೂತುಬಿಡಬೇಕೆನ್ನಿಸಿತು.

ಕೂರಲಿಲ್ಲ.