ನೇರಳೆಯಾದ ಕಾಡುಭತ್ತ

ಭಾನುವಾರ, ಸಂಜೆ ಆರೂಕಾಲು. ಮುಂದಿನ ವರ್ಷದ ಬೀಜಕ್ಕೆ ತೆನೆ ಆರಿಸಲು ಅವ್ವ ಗದ್ದೆಗೆ ಹೋಗಿದ್ದಾಳೆ. ಅವಳು ಬರುವುದರೊಳಗೆ ಇದನ್ನು ಬರೆದು ಮುಗಿಸಬೇಕು.

ಹೊನ್ನಾಳಿಯ ನಮ್ಮ ಗದ್ದೆಯಲ್ಲಿ ಕಾಡುಭತ್ತದ ಕಾಟ ಹಳೆಯದು. ಎಳೆಯದರಲ್ಲಿ ಅದು ಥೇಟ್ ಭತ್ತವೇ. ನಾವು ಹಾಕಿದ ಗೊಬ್ಬರ ತಿಂದು ಬೆಳೆದು, ಕೊಯ್ಲಿಗೆ ಮೊದಲೇ ಕಾಳು ಉದುರಿಸಿ, ಮರುವರ್ಷ ಅಲ್ಲೇ ಹುಟ್ಟುತ್ತದೆ. ಅದಕ್ಕೇ ನ್ಯಾಮತಿಯ ಮಾವ, ಅವ್ವನ ಅಣ್ಣ, ಈ ಸಲ ನೇರಳೆ ಎಲೆಯ ಭತ್ತದ ಬೀಜ ತಂದುಕೊಟ್ಟಿದ್ದರು.

“ಹಸಿರು ಕಂಡಿದ್ದೆಲ್ಲ ಕೀಳ್ರಿ, ಅಷ್ಟೇ. ಎತ್ತಿಕೊಂಡ ಕೂಸಿಗೂ ತಿಳಿತೈತೆ.”

ಅಣ್ಣನೇ ಕೊಟ್ಟ ಮೇಲೆ ಇನ್ನೇನು ಎಂದು ಅವ್ವ ವರ್ಷ ವರ್ಷ ಉಳಿಸಿಕೊಂಡು ಬಂದಿದ್ದ ತನ್ನ ಬೀಜವನ್ನು ಗಿರಣಿಗೆ ಹಾಕಿಸಿಬಿಟ್ಟಳು.

ಕಿತ್ತವಳು ನಾನು, ಎಣಿಸಿದವಳೂ ನಾನೇ. ಕಾಲುವೆ ಪಕ್ಕದ ಮಡಿಯಲ್ಲಿ ಮೊದಲ ಸಲ ಹಸಿರು ಗಿಡ 412. ಎರಡನೇ ಸಲ 96. ಮೂರನೇ ಸಲ ಬರೀ 7. ಗೆದ್ದೆ ಅಂದುಕೊಂಡೆ. ಆದರೆ ತೆನೆ ಬಲಿಯುವ ಹೊತ್ತಿಗೆ ಕೆಲವು ನೇರಳೆ ಗಿಡಗಳೇ ಉಳಿದವನ್ನು ಮೀರಿ ಎತ್ತರಕ್ಕೆ ನಿಂತವು. ತೆನೆಗೆ ಉದ್ದ ಮೀಸೆ. ಮುಟ್ಟಿದರೆ ಕಾಳು ಪಟಪಟನೆ ಕೆಸರಿಗೆ ಬಿತ್ತು.

ಇವತ್ತು ಬೆಳಿಗ್ಗೆ ಬಸ್ಸು ಹತ್ತಿ ನ್ಯಾಮತಿಗೆ ಹೋದೆ. ಅದನ್ನು ಹೇಳಿದ ಕೂಡಲೇ ಮಾವ, “ನಿಮ್ಮಲ್ಲೂ ಬಂತಾ?” ಎಂದುಬಿಟ್ಟರು.

“ನಿಮ್ಮಲ್ಲೂ ಅಂದ್ರೆ? ನಿಮಗೆ ಗೊತ್ತಿತ್ತಾ ಮಾವ?”

“ನಾಕೈದು ವರ್ಷ ಚೆನ್ನಾಗೇ ಇತ್ತವ್ವಾ. ಆಮ್ಯಾಕೆ ಕಳೇನೂ ನೇರಳೆ ಆತು. ಹೇಳಿದ್ರೆ ನಿಮ್ಮವ್ವ ತಗೊಳ್ತಿದ್ಲಾ?” ನಕ್ಕು, “ಬಾ, ಊಟ ಮಾಡಾಕೆ,” ಎಂದರು. ನಾನು ಉಣ್ಣಲಿಲ್ಲ.

ದಾರಿಯುದ್ದಕ್ಕೂ ಅದನ್ನೇ ಯೋಚಿಸಿದೆ. ಯಾವ ಗಿಡವೂ ನಮಗೆ ಮೋಸ ಮಾಡಲೆಂದು ಬಣ್ಣ ಬದಲಿಸಲಿಲ್ಲ. ಮಾವನ ಗದ್ದೆಯಲ್ಲಿ ಎಂದೋ ಒಮ್ಮೆ ಭತ್ತದ ಪರಾಗ ಕಾಡುಭತ್ತಕ್ಕೆ ತಗುಲಿ, ಕೆಲವು ಕಳೆಗಳು ನೇರಳೆಯಾಗಿ ಹುಟ್ಟಿರಬೇಕು. ಹಸಿರನ್ನು ಕೈ ಕಿತ್ತಿತು, ನೇರಳೆಯನ್ನು ಬಿಟ್ಟಿತು. ಬಿಟ್ಟದ್ದು ಕಾಳು ಉದುರಿಸಿತು, ಅದರ ಮಕ್ಕಳೂ ನೇರಳೆ. ಹೀಗೆ ವರ್ಷ ವರ್ಷ ಆರಿಸಿ ಬೆಳೆಸಿದ್ದು ಕಳೆ ಕೀಳುವ ಕೈಯೇ. ಆ ಕಾಳೇ ಮಾವ ಕೊಟ್ಟ ಬೀಜದಲ್ಲಿ ಬೆರೆತು ನಮ್ಮ ಗದ್ದೆಗೂ ಬಂದಿರಬೇಕು. ಪಾಠದಲ್ಲಿ ಓದಿದ ನಿಸರ್ಗದ ಆಯ್ಕೆ ಎಂದರೆ ಕಾಡು, ಹುಲಿ, ಜಿಂಕೆ ಎಂದುಕೊಂಡಿದ್ದೆ. ಈ ಸಲ ನಾನು ಕಿತ್ತ 515 ಗಿಡಗಳೂ ಅದರ ಲೆಕ್ಕಕ್ಕೇ ಸೇರಿದವು.

ಕಳೆಗೆ ಗೊತ್ತಿರಲಿಲ್ಲ. ಮಾವನಿಗೆ ಗೊತ್ತಿತ್ತು.

ಅವ್ವನ ದನಿ ಕೇಳಿಸುತ್ತಿದೆ. “ನೋಡಿಲ್ಲಿ, ನಮ್ಮಣ್ಣನ ಭತ್ತ ಹೆಂಗೈತೆ!” ಮಡಿಲ ತುಂಬ ತೆನೆ. ಅದರಲ್ಲಿ ಎಷ್ಟು ಮೀಸೆಯವೋ.

ನೇರಳೆ ಕಾಡುಭತ್ತವನ್ನು ಎಳೆಯದರಲ್ಲೇ ಗುರುತಿಸುವ ಬಗೆ ಬಲ್ಲವರು ದಯವಿಟ್ಟು ಬರೆದು ತಿಳಿಸಿ. ಅಣ್ಣನ ಮಾತನ್ನು ಅವ್ವನಿಗೆ ಹೇಗೆ ಹೇಳಬೇಕೆಂದು ಬಲ್ಲವರೂ ಬರೆಯಿರಿ.