ಹತ್ತಂದ್ರ ಹತ್ತು

ಸಂಡೂರಿನಲ್ಲಿ ನಮಗೆ ಇಂಗ್ಲಿಷ್ ಟ್ಯೂಷನ್ ಹೇಳಿದ ಮಾಸ್ತರರು ಬೆತ್ತ ಹಿಡಿದವರಲ್ಲ. ತಪ್ಪು ಮಾಡಿದವರ ಕೈಗೆ ಸೀಮೆಸುಣ್ಣ ಕೊಟ್ಟು, "ಹತ್ತು ಸಲ ಬರಿ, ಕೈಗೂ ಬುದ್ಧಿ ಬರ್ತದ" ಎನ್ನುತ್ತಿದ್ದರು. ನನ್ನ ಇಂಗ್ಲಿಷೆಲ್ಲ ಹತ್ತರ ಮಗ್ಗಿಯಲ್ಲೇ ಬಂದದ್ದು.

ಹೋದ ವರ್ಷ ಟ್ಯೂಷನ್ನಿನ ಗೆಳತಿಯೊಂದಿಗೆ ಅವರ ಮನೆಗೆ ಹೋದೆ. ಆಗ ಹುಡುಗನೆಂದು ಹುಡುಗರ ಸಾಲಿನಲ್ಲಿ ಕೂರುತ್ತಿದ್ದವಳು, ಈಗ ಹೆಸರು ಬದಲಿಸಿಕೊಂಡು ಸೀರೆಯುಟ್ಟಿದ್ದಳು. ಮಾಸ್ತರರು ಗುರುತು ಹಿಡಿದು, ಹಿಗ್ಗಿ, ಟ್ಯೂಷನ್ನಿಗೆ ಬಂದು ಎದುರಿಗೆ ಕೂತಿದ್ದ ಮಕ್ಕಳಿಗೆ ಹೇಳಿದರು: "ಹೀ ಈಸ್ ಮೈ ಸ್ಟೂಡೆಂಟ್!"

ಮಕ್ಕಳು ಕಿಸಕ್ಕೆಂದರು. ಗೆಳತಿಯ ಕಣ್ಣು ಚಪ್ಪಲಿಯತ್ತ ಹೋಯಿತು.

"ತಪ್ಪಾತು" ಎಂದು ಮಾಸ್ತರರು ಸೀಮೆಸುಣ್ಣ ಹಿಡಿದು, 'ಶೀ ಈಸ್ ಮೈ ಸ್ಟೂಡೆಂಟ್' ಎಂದು ಬೋರ್ಡಿನ ಮೇಲೆ ಬರೆಯತೊಡಗಿದರು. ಆರು ಸಲ ಬರೆದು ಏಳನೆಯದಕ್ಕೆ ಕೈಯೆತ್ತಿದರು.

"ಸಾಕ್ ಬಿಡ್ರಿ ಸರ್" ಎಂದಳು ಗೆಳತಿ.

"ಹತ್ತಂದ್ರ ಹತ್ತು. ನಿನಗ ಎಂದಾರ ಒಂದು ಕಮ್ಮಿ ಮಾಡೀನೇನವ್ವಾ?"